ಸಂಜೆ ಏಳರ ನೀರು

(ದೇಶದ ನವೀಕರಿಸಬಹುದಾದ ಇಂಧನದಲ್ಲಿ ಜಲವಿದ್ಯುತ್ತಿನ ಪಾತ್ರವನ್ನು ಕುರಿತು ಹಾಸನದಲ್ಲಿ ವಿದ್ಯಾರ್ಥಿಗಳು, ಕಾಫಿ ಬೆಳೆಗಾರರು ಮತ್ತು ರೈತರು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನು ಕೊನೆಯಲ್ಲಿ ಸೇರಿಸಿದೆ.)

ಹಿರಿಯರಿಗೆ, ಬೆಳೆಗಾರ ಮಿತ್ರರಿಗೆ, ವಿದ್ಯಾರ್ಥಿಗಳಿಗೆ ನಮಸ್ಕಾರ.

ನಮ್ಮ ಜಿಲ್ಲೆಯ ಪಡುವಣ ಅಂಚಿನಲ್ಲಿ ಒಂದು ಗೆರೆ ಇದೆ. ಸಕಲೇಶಪುರ ದಾಟಿ ಶಿರಾಡಿ ಘಾಟಿಯ ಕಡೆಗೆ ಹೊರಟವರು ದೋಣಿಗಾಲಿನ ಆಸುಪಾಸಿನಲ್ಲಿ ಅದನ್ನು ದಾಟುತ್ತಾರೆ, ದಾಟಿದ್ದು ಗೊತ್ತೇ ಆಗುವುದಿಲ್ಲ. ಆ ಗೆರೆಯ ಮೂಡಲಿಗೆ ಬಿದ್ದ ಮಳೆ ಹೇಮಾವತಿಯನ್ನು ಸೇರುತ್ತದೆ, ಗೊರೂರಿನ ಅಣೆಕಟ್ಟಿನಲ್ಲಿ ನಿಲ್ಲುತ್ತದೆ, ಕೃಷ್ಣರಾಜಸಾಗರದಲ್ಲಿ ಕಾವೇರಿಯೊಡನೆ ಬೆರೆತು ಬಂಗಾಳ ಕೊಲ್ಲಿಯತ್ತ ಸಾಗುತ್ತದೆ. ಪಡುವಲಿಗೆ ಬಿದ್ದದ್ದು ಎತ್ತಿನಹೊಳೆಯಾಗಿ, ಕೆಂಪುಹೊಳೆಯಾಗಿ ಗುಂಡ್ಯದ ಕಣಿವೆಗೆ ಇಳಿದು, ಕುಮಾರಧಾರೆಯ ಮೂಲಕ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಅರಬ್ಬೀ ಸಮುದ್ರ ಸೇರುತ್ತದೆ. ಮೂಡಲಿಗೆ ಹೋದ ನೀರಿಗೆ ಕಡಲು ಮುಟ್ಟಲು ನೂರಾರು ಕಿಲೋಮೀಟರ್ ದಾರಿ. ಪಡುವಲಿಗೆ ಹೋದದ್ದು ಕೆಲವೇ ಕಿಲೋಮೀಟರುಗಳಲ್ಲಿ ನೂರಾರು ಮೀಟರ್ ಕೆಳಗೆ ಬೀಳುತ್ತದೆ. ನೆರೆಯ ಚಿಕ್ಕಮಗಳೂರು ಜಿಲ್ಲೆಯದೂ ಇದೇ ಕಥೆ. ಹೇಮಾವತಿ ಹುಟ್ಟುವುದು ಅಲ್ಲಿನ ಮೂಡಿಗೆರೆ ತಾಲ್ಲೂಕಿನಲ್ಲಿ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಗಂಗಾಮೂಲದ ಬೆಟ್ಟಗಳಲ್ಲಿ ಹುಟ್ಟಿ ಬೇರೆ ಬೇರೆ ದಿಕ್ಕು ಹಿಡಿಯುತ್ತವೆ. ವಿದ್ಯುತ್ ಎಂಜಿನಿಯರುಗಳು ನೂರು ವರ್ಷಕ್ಕೂ ಮಿಕ್ಕಿ ನಮ್ಮ ನಾಡಿನ ನಕ್ಷೆಯನ್ನು ಮತ್ತೆ ಮತ್ತೆ ಬಿಡಿಸಿ ನೋಡುತ್ತಿರುವುದು ಈ ಗೆರೆಯ ಕಾರಣದಿಂದ.

ಏಕೆಂದು ಹೇಳುತ್ತೇನೆ. ನೀರಿನಿಂದ ವಿದ್ಯುತ್ ಬರುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವೆ. ಆದರೆ ನಿಂತ ನೀರಿನಿಂದ ಏನೂ ಬರುವುದಿಲ್ಲ, ಬೀಳುವ ನೀರಿನಿಂದ ಮಾತ್ರ ಬರುತ್ತದೆ. ನಾಲ್ಕು ಸಾವಿರ ಲೀಟರ್ ನೀರು, ಅಂದರೆ ಒಂದು ಸಣ್ಣ ಟ್ಯಾಂಕರ್ ತುಂಬುವಷ್ಟು, ನೂರು ಮೀಟರ್ ಎತ್ತರದಿಂದ ಟರ್ಬೈನಿನ ಮೇಲೆ ಬಿದ್ದರೆ ಸುಮಾರು ಒಂದು ಯೂನಿಟ್ ವಿದ್ಯುತ್ ಸಿಗುತ್ತದೆ. ಅದೇ ಒಂದು ಯೂನಿಟ್ ನಾಲ್ಕುನೂರು ಮೀಟರ್ ಎತ್ತರದಿಂದಾದರೆ ಸಾವಿರ ಲೀಟರಿಗೇ ದಕ್ಕುತ್ತದೆ. ಗೊರೂರಿನ ಹೇಮಾವತಿ ಜಲಾಶಯವನ್ನು ತೆಗೆದುಕೊಳ್ಳಿ. ಅದರ ಪೂರ್ಣ ಸಂಗ್ರಹ 37 ಟಿಎಂಸಿ, ಅಂದರೆ ನೂರು ಕೋಟಿ ಘನ ಮೀಟರಿಗಿಂತ ತುಸು ಹೆಚ್ಚು. ಅಷ್ಟೂ ನೀರನ್ನು ಸರಾಸರಿ ನಲವತ್ತು ಮೀಟರ್ ಎತ್ತರದಿಂದ ಬೀಳಿಸಿದೆವು ಎಂದುಕೊಂಡರೆ ಹತ್ತು ಕೋಟಿ ಯೂನಿಟ್ಟಿನ ಹತ್ತಿರ ಬರುತ್ತದೆ. ಅಷ್ಟೇ ನೀರು ಶರಾವತಿಯ ಮೇಲಿಂದ ವಿದ್ಯುದಾಗಾರಕ್ಕೆ ಸುಮಾರು 440 ಮೀಟರ್ ಇಳಿದರೆ ನೂರು ಕೋಟಿ ಯೂನಿಟ್ ದಾಟುತ್ತದೆ. ನೀರು ಅಷ್ಟೇ, ಫಲ ಹತ್ತು ಪಟ್ಟು. ಗೊರೂರು ನೀರಾವರಿಯ ಅಣೆಕಟ್ಟಾದದ್ದು, ಶರಾವತಿಯ ಲಿಂಗನಮಕ್ಕಿ ವಿದ್ಯುತ್ತಿನ ಅಣೆಕಟ್ಟಾದದ್ದು ಯಾರೋ ಕಚೇರಿಯಲ್ಲಿ ಕುಳಿತು ತೀರ್ಮಾನಿಸಿದ್ದರಿಂದಲ್ಲ. ನೆಲದ ಇಳಿಜಾರೇ ಅದನ್ನು ತೀರ್ಮಾನಿಸಿತ್ತು.

ಈ ನಾಡಿಗೂ ಜಲವಿದ್ಯುತ್ತಿಗೂ ಇರುವ ನಂಟು ಬಹಳ ಹಳೆಯದು. 1902ರಲ್ಲಿ ಶಿವನಸಮುದ್ರದಲ್ಲಿ ಯಂತ್ರಗಳು ತಿರುಗಿದವು. ಅದಕ್ಕೆ ಐದು ವರ್ಷ ಮೊದಲು ಡಾರ್ಜಿಲಿಂಗಿನಲ್ಲಿ 130 ಕಿಲೋವ್ಯಾಟಿನ ಸಣ್ಣದೊಂದು ಕೇಂದ್ರ ಶುರುವಾಗಿತ್ತು, ನಿಜ. ಆದರೆ ಅಲ್ಲಿನ ವಿದ್ಯುತ್ತು ಆ ಊರಿನ ಬೀದಿಗಳಿಗಾಗಿ. ಶಿವನಸಮುದ್ರದ ವಿದ್ಯುತ್ತು ಸುಮಾರು ನೂರೈವತ್ತು ಕಿಲೋಮೀಟರ್ ತಂತಿಯ ಮೇಲೆ ಸಾಗಿ ಕೋಲಾರದ ಚಿನ್ನದ ಗಣಿಗೆ ಹೋಯಿತು. ಅಷ್ಟು ದೂರ ವಿದ್ಯುತ್ ಸಾಗಿಸುವುದು ಆಗಿನ ಕಾಲಕ್ಕೆ ಪ್ರಪಂಚದಲ್ಲೇ ದೊಡ್ಡ ಸಾಹಸ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರು ಅದಕ್ಕಾಗಿ ದುಡಿದು, ಯಂತ್ರ ತಿರುಗುವುದನ್ನು ನೋಡುವ ಮೊದಲೇ 1901ರಲ್ಲಿ ತೀರಿಕೊಂಡರು. 1905ರಲ್ಲಿ ಬೆಂಗಳೂರಿಗೆ ದೀಪ ಬಂತು. ಕಾವೇರಿಯ ಹರಿವು ಬೇಸಿಗೆಯಲ್ಲಿ ಇಳಿದಾಗ ಗಣಿಗೆ ವಿದ್ಯುತ್ ಕಡಿಮೆಯಾಗುತ್ತಿತ್ತು. ಅದನ್ನು ಸರಿದೂಗಿಸಬೇಕೆಂಬುದು ಕನ್ನಂಬಾಡಿ ಕಟ್ಟೆಯನ್ನು ಕಟ್ಟಲು ಇದ್ದ ಕಾರಣಗಳಲ್ಲಿ ಒಂದು. ಈ ಸಂಗತಿಯನ್ನು ನಾನು ಇಲ್ಲಿ ಒತ್ತಿ ಹೇಳಲು ಕಾರಣವಿದೆ. ಕನ್ನಂಬಾಡಿಗೆ ಬಂದು ಸೇರುವ ನೀರಿನಲ್ಲಿ ಹೇಮಾವತಿಯ ಪಾಲು ದೊಡ್ಡದು. ಮೂಡಿಗೆರೆ, ಸಕಲೇಶಪುರಗಳ ಮಳೆ ಕೋಲಾರದ ನೆಲದಾಳದ ಗಣಿಯಲ್ಲಿ ಯಂತ್ರ ತಿರುಗಿಸಿದ್ದು ಚರಿತ್ರೆ. ನೂರಿಪ್ಪತ್ತು ವರ್ಷಗಳ ಹಿಂದೆಯೇ ನೀವು ದೇಶಕ್ಕೆ ವಿದ್ಯುತ್ ಕೊಟ್ಟವರು.

ಆಮೇಲೆ ಜೋಗ ಬಂತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ಶರಾವತಿಯ ಹತ್ತು ಯಂತ್ರಗಳು ಸೇರಿ 1,035 ಮೆಗಾವ್ಯಾಟ್. ಕಾಳಿ ನದಿಯ ಯೋಜನೆ ಬಂತು, ವಾರಾಹಿಯಲ್ಲಿ ಬೆಟ್ಟದ ಒಳಗೇ ವಿದ್ಯುದಾಗಾರ ಕೊರೆದರು. ಲಕ್ಕವಳ್ಳಿಯ ಭದ್ರಾ ಜಲಾಶಯದಲ್ಲೂ ಯಂತ್ರಗಳಿವೆ, ಸುಮಾರು 39 ಮೆಗಾವ್ಯಾಟ್. ಅವು ಹೆಚ್ಚಾಗಿ ನಾಲೆಗೆ ನೀರು ಬಿಟ್ಟಾಗ ತಿರುಗುತ್ತವೆ. 1980ರ ದಶಕದ ನಡುವೆ ರಾಯಚೂರಿನಲ್ಲಿ ಕಲ್ಲಿದ್ದಲಿನ ಕೇಂದ್ರ ಶುರುವಾಗುವವರೆಗೆ ಕರ್ನಾಟಕ ಬದುಕಿದ್ದು ಹೆಚ್ಚು ಕಡಿಮೆ ನೀರಿನ ವಿದ್ಯುತ್ತಿನ ಮೇಲೆಯೇ. ಮಳೆ ಕೈಕೊಟ್ಟ ವರ್ಷ ಕಾರ್ಖಾನೆಗಳಿಗೆ ವಿದ್ಯುತ್ ಕಡಿತ, ಊರುಗಳಿಗೆ ಕತ್ತಲೆ. ಇಲ್ಲಿರುವ ಹಿರಿಯರಿಗೆ ಆ ದಿನಗಳು ನೆನಪಿರುತ್ತವೆ.

ಇಡೀ ದೇಶದ ಚಿತ್ರವನ್ನು ಬೇಗ ಹೇಳಿ ಮುಗಿಸುತ್ತೇನೆ. 1960ರ ದಶಕದ ಮೊದಲ ವರ್ಷಗಳಲ್ಲಿ ಭಾರತದ ವಿದ್ಯುತ್ ಸ್ಥಾಪಿತ ಸಾಮರ್ಥ್ಯದಲ್ಲಿ ಅರ್ಧದಷ್ಟು ಜಲವಿದ್ಯುತ್ತೇ ಆಗಿತ್ತು. ಈಗ ಹತ್ತನೆಯ ಒಂದು ಭಾಗದ ಆಸುಪಾಸಿಗೆ ಇಳಿದಿದೆ. ನೀರಿನ ಕೇಂದ್ರಗಳು ಮುಚ್ಚಿ ಹೋದದ್ದರಿಂದ ಹೀಗಾಗಲಿಲ್ಲ. ಮೊದಲು ಕಲ್ಲಿದ್ದಲು, ಈಚೆಗೆ ಸೌರ ವಿದ್ಯುತ್ ಅದಕ್ಕಿಂತ ಬಹಳ ವೇಗವಾಗಿ ಬೆಳೆದವು. ದೊಡ್ಡ ಜಲವಿದ್ಯುತ್ ಕೇಂದ್ರಗಳದು 47,000 ಮೆಗಾವ್ಯಾಟ್ ಮೇಲ್ಪಟ್ಟ ಸಾಮರ್ಥ್ಯ, 25 ಮೆಗಾವ್ಯಾಟ್ ಒಳಗಿನ ಕಿರು ಕೇಂದ್ರಗಳದು ಇನ್ನೊಂದು 5,000. ಸೌರ ವಿದ್ಯುತ್ 2025ರ ಜನವರಿಯಲ್ಲಿ ಒಂದು ಲಕ್ಷ ಮೆಗಾವ್ಯಾಟ್ ದಾಟಿತು. 2019ರ ಮಾರ್ಚ್‌ವರೆಗೆ ಸರ್ಕಾರದ ಲೆಕ್ಕದಲ್ಲಿ ಕಿರು ಕೇಂದ್ರಗಳು ಮಾತ್ರ ನವೀಕರಿಸಬಹುದಾದ ಇಂಧನದ ಪಟ್ಟಿಯಲ್ಲಿದ್ದವು. ಆಮೇಲೆ ದೊಡ್ಡವನ್ನೂ ಸೇರಿಸಿದರು. ಒಂದು ಆದೇಶದಿಂದ ದೇಶದ ಹಸಿರು ವಿದ್ಯುತ್ತಿನ ಅಂಕಿ ಸಾವಿರಾರು ಮೆಗಾವ್ಯಾಟ್ ಹೆಚ್ಚಿತು. ನದಿಗಳಲ್ಲಿ ಮಾತ್ರ ಒಂದು ಹನಿಯೂ ಹೆಚ್ಚಲಿಲ್ಲ. ಮಳೆ ಸೋತರೆ ಆ ಸಾಮರ್ಥ್ಯದ ಅಂಕಿ ನಮ್ಮನ್ನು ಕಾಯುವುದಿಲ್ಲ ಎಂಬುದನ್ನು 2023 ತೋರಿಸಿತು. ಹಿಂದಿನ ಆರ್ಥಿಕ ವರ್ಷದಲ್ಲಿ ದೇಶದ ದೊಡ್ಡ ಜಲವಿದ್ಯುತ್ ಕೇಂದ್ರಗಳು ಸುಮಾರು 16,200 ಕೋಟಿ ಯೂನಿಟ್ ಉತ್ಪಾದಿಸಿದ್ದವು; 2023-24ರಲ್ಲಿ ಅದು 13,400 ಕೋಟಿಗೆ ಕುಸಿಯಿತು. ನಮ್ಮ ರಾಜ್ಯದಲ್ಲಿ ಆ ವರ್ಷ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದರು. ಉತ್ತರ ಪ್ರದೇಶ, ಪಂಜಾಬುಗಳಿಂದ ವಿದ್ಯುತ್ತನ್ನು ಕೈಗಡ ತರಬೇಕಾಯಿತು.

ಹಾಗಾದರೆ ಜಲವಿದ್ಯುತ್ತಿನ ಕಾಲ ಮುಗಿಯಿತೇ? ಇಲ್ಲ. ನನ್ನ ಮಟ್ಟಿಗೆ ಅದರ ನಿಜವಾದ ಕಾಲ ಈಗ ಶುರುವಾಗುತ್ತಿದೆ. ಆದರೆ ಅದನ್ನು ನೋಡಬೇಕಾದ ಕಣ್ಣು ಬೇರೆ. ಇಷ್ಟು ದಿನ ನಾವು ಕೇಳಿದ್ದು ವರ್ಷಕ್ಕೆ ಎಷ್ಟು ಯೂನಿಟ್ ಬಂತು ಎಂದು. ಇನ್ನು ಮುಂದೆ ಕೇಳಬೇಕಾದದ್ದು ಆ ಯೂನಿಟ್ ಯಾವ ಹೊತ್ತಿನಲ್ಲಿ ಬಂತು ಎಂದು.

ವಿದ್ಯುತ್ತು ಹುಟ್ಟಿದ ಕ್ಷಣವೇ ಖರ್ಚಾಗಬೇಕು. ದೇಶದ ಗ್ರಿಡ್, ಅಂದರೆ ಕೇಂದ್ರಗಳನ್ನೂ ಮನೆಗಳನ್ನೂ ಬೆಸೆಯುವ ತಂತಿಜಾಲ, ಸೆಕೆಂಡಿಗೆ 50 ಆವರ್ತನದಲ್ಲಿ ಮಿಡಿಯುತ್ತದೆ. ಬಳಕೆ ಹೆಚ್ಚಾಗಿ ಉತ್ಪಾದನೆ ಕಡಿಮೆಯಾದರೆ ಯಂತ್ರಗಳೆಲ್ಲ ನಿಧಾನವಾಗುತ್ತವೆ, ಆ ಸಂಖ್ಯೆ ಇಳಿಯುತ್ತದೆ. ಬಳಕೆ ಕುಸಿದರೆ ಏರುತ್ತದೆ. ಎರಡರಲ್ಲಿ ಯಾವುದು ಮಿತಿ ಮೀರಿದರೂ ಗ್ರಿಡ್ ಬೀಳುತ್ತದೆ. ಸೌರ ಫಲಕ ಬಿಸಿಲು ಇದ್ದಾಗ ಕೊಡುತ್ತದೆ, ಗಾಳಿಯಂತ್ರ ಗಾಳಿ ಬೀಸಿದಾಗ ಕೊಡುತ್ತದೆ. ಕೇಳಿದಾಗ ಕೊಡು ಎಂದರೆ ಇವೆರಡೂ ಕೊಡಲಾರವು. ಕಲ್ಲಿದ್ದಲಿನ ಕೇಂದ್ರ ಕೊಡಬಲ್ಲದು, ಆದರೆ ತಣ್ಣಗಾದ ಬಾಯ್ಲರನ್ನು ಹೊತ್ತಿಸಿ ಪೂರ್ಣ ಶಕ್ತಿಗೆ ತರಲು ಹಲವು ಗಂಟೆ ಬೇಕು. ಜಲಾಶಯವಿರುವ ಜಲವಿದ್ಯುತ್ ಕೇಂದ್ರದಲ್ಲಿ ಕವಾಟ ತೆರೆದರೆ ಕೆಲವೇ ನಿಮಿಷಗಳಲ್ಲಿ ಯಂತ್ರ ಪೂರ್ತಿ ವೇಗಕ್ಕೆ ಬರುತ್ತದೆ. ಬೇಡವೆಂದರೆ ಅಷ್ಟೇ ಬೇಗ ನಿಲ್ಲುತ್ತದೆ. ನೀರು ಎಲ್ಲಿಗೂ ಹೋಗುವುದಿಲ್ಲ, ಮೇಲೆಯೇ ಇರುತ್ತದೆ.

ಇದನ್ನು ನೀವೆಲ್ಲರೂ ನಿಮ್ಮ ಮನೆಯಲ್ಲೇ ನೋಡಿದ್ದೀರಿ, ನೋಡುತ್ತಿರುವುದು ಇದನ್ನೇ ಎಂದು ಆಗ ಗೊತ್ತಿರಲಿಲ್ಲ ಅಷ್ಟೇ. 2020ರ ಏಪ್ರಿಲ್ 5, ಭಾನುವಾರ. ಕೊರೊನಾ ಲಾಕ್‌ಡೌನ್ ದಿನಗಳು. ರಾತ್ರಿ ಒಂಬತ್ತಕ್ಕೆ ಒಂಬತ್ತು ನಿಮಿಷ ದೀಪ ಆರಿಸಿ ಹಣತೆ ಹಚ್ಚಿ ಎಂದು ಪ್ರಧಾನಿ ಕರೆ ಕೊಟ್ಟಿದ್ದರು. ದೇಶದ ವಿದ್ಯುತ್ ನಿಯಂತ್ರಣ ಕೇಂದ್ರಗಳಲ್ಲಿ ಇದ್ದವರಿಗೆ ಆ ರಾತ್ರಿ ಕುಳಿತಲ್ಲಿ ಕೂರಲಾಗಿರಲಿಕ್ಕಿಲ್ಲ. ಎಲ್ಲರೂ ಒಟ್ಟಿಗೆ ಆರಿಸಿ ಒಟ್ಟಿಗೆ ಹಾಕಿದರೆ ಏನಾಗುತ್ತದೆ? ಬೇಡಿಕೆ ಸುಮಾರು 31,000 ಮೆಗಾವ್ಯಾಟ್ ಕುಸಿಯಿತು. ಅಂದುಕೊಂಡದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು. ಅದನ್ನು ತಡೆದುಕೊಂಡದ್ದು ಮುಖ್ಯವಾಗಿ ಜಲವಿದ್ಯುತ್ ಕೇಂದ್ರಗಳು. ಮೊದಲೇ ಅವನ್ನು ಏರಿಸಿ ಇಟ್ಟುಕೊಂಡು, ಎಂಟೂಮುಕ್ಕಾಲರಿಂದ ಒಂಬತ್ತು ಹತ್ತರ ಒಳಗೆ 17,500 ಮೆಗಾವ್ಯಾಟಿನಷ್ಟು ಇಳಿಸಿದರು, ಮತ್ತೆ ದೀಪಗಳು ಹೊತ್ತುತ್ತಿದ್ದಂತೆ ಏರಿಸಿದರು. ಗ್ರಿಡ್ ಅಲುಗಲಿಲ್ಲ. ದೇಶದ ಬೇರಾವ ಬಗೆಯ ಕೇಂದ್ರಗಳಿಂದಲೂ ಆ ಹೊತ್ತಿಗೆ ಆ ಕೆಲಸ ಸಾಧ್ಯವಿರಲಿಲ್ಲ. 2012ರ ಜುಲೈನಲ್ಲಿ ಉತ್ತರ ಭಾರತದ ಗ್ರಿಡ್ ಬಿದ್ದಾಗ ಅದನ್ನು ಮತ್ತೆ ಎಬ್ಬಿಸಲೂ ಜಲವಿದ್ಯುತ್ತು ಬೇಕಾಯಿತು. ಹೊರಗಿನ ವಿದ್ಯುತ್ತಿನ ನೆರವಿಲ್ಲದೆ ತಾನಾಗಿ ಶುರುವಾಗುವ ಶಕ್ತಿ ಅದಕ್ಕಿದೆ.

ಅಂಥ ಒಂಬತ್ತು ನಿಮಿಷ ಈಗ ದಿನವೂ ಸಂಜೆ ಬರುತ್ತದೆ, ಗಂಟೆಗಟ್ಟಲೆ ಇರುತ್ತದೆ. ಪಾವಗಡದಲ್ಲಿ 2,050 ಮೆಗಾವ್ಯಾಟಿನ ಸೌರ ಉದ್ಯಾನವಿದೆ. ಹಗಲು ಹನ್ನೆರಡಕ್ಕೆ ವಿದ್ಯುತ್ತು ತುಂಬಿ ತುಳುಕುತ್ತದೆ. ಅದಕ್ಕಾಗಿಯೇ ಈಗ ಹಲವೆಡೆ ಪಂಪ್‌ಸೆಟ್ಟುಗಳಿಗೆ ತ್ರೀ ಫೇಸ್ ವಿದ್ಯುತ್ತನ್ನು ಹಗಲಿನಲ್ಲಿ ಕೊಡುತ್ತಿರುವುದು. ಸರಿರಾತ್ರಿಯಲ್ಲಿ ಟಾರ್ಚು ಹಿಡಿದು ತೋಟಕ್ಕೆ ಹೋಗಿ, ಆನೆ ಎದುರಾಗುವ ಭಯದಲ್ಲಿ ಮೋಟಾರು ಹಾಕುತ್ತಿದ್ದ ರೈತರಿಗೆ ಬಿಸಿಲಿನ ವಿದ್ಯುತ್ತು ಮಾಡಿದ ಉಪಕಾರ ಸಣ್ಣದಲ್ಲ. ಆದರೆ ಸಂಜೆ ಆರಕ್ಕೆ ಬಿಸಿಲು ಹೋಗುತ್ತದೆ, ಅದೇ ಹೊತ್ತಿಗೆ ಮನೆಮನೆಯಲ್ಲೂ ದೀಪ, ಟಿವಿ, ಮಿಕ್ಸಿ, ಊರಿನ ಅಂಗಡಿ ಸಾಲು ಎಲ್ಲವೂ ಶುರು. ಆಗ ಸಾವಿರಾರು ಮೆಗಾವ್ಯಾಟ್ ಒಂದೆರಡು ಗಂಟೆಯೊಳಗೆ ಎಲ್ಲಿಂದಲೋ ಬರಬೇಕು. ಶರಾವತಿ, ವಾರಾಹಿ, ಕಾಳಿಯ ನಾಗಝರಿ ಯಂತ್ರಗಳ ಬೆಲೆ ಗೊತ್ತಾಗುವುದು ಆ ಹೊತ್ತಿನಲ್ಲಿ. ಹಾಗಾಗಿ ಜಲಾಶಯವನ್ನು ನಮ್ಮ ಮನೆಯ ಕಣಜದ ಹಾಗೆ ನೋಡಬೇಕು ಎನ್ನುತ್ತೇನೆ. ಹೊಲದಲ್ಲಿ ಬೆಳೆ ಇರುವಾಗ ಯಾರೂ ಕಣಜಕ್ಕೆ ಕೈಹಾಕುವುದಿಲ್ಲ. ಬಿಸಿಲು ಉರಿಯುವ ಮಧ್ಯಾಹ್ನ ಹನ್ನೆರಡಕ್ಕೆ ಲಿಂಗನಮಕ್ಕಿಯ ನೀರನ್ನು ಖರ್ಚು ಮಾಡುವುದು ದಂಡ. ಆ ನೀರನ್ನು ಸಂಜೆ ಏಳಕ್ಕೆ, ಮಾರ್ಚ್ ತಿಂಗಳಿಗೆ, ಮಳೆ ತಡವಾದ ಜೂನ್‌ಗೆ ಉಳಿಸಬೇಕು. ನಾರ್ವೆಯವರು ಇದನ್ನು ಬಹಳ ಹಿಂದೆಯೇ ಮಾಡಿದರು. ಡೆನ್ಮಾರ್ಕಿನಲ್ಲಿ ಗಾಳಿ ಜೋರಾಗಿ ಬೀಸಿದಾಗ ಆ ವಿದ್ಯುತ್ತನ್ನು ಕಡಲಡಿಯ ತಂತಿಯಲ್ಲಿ ತರಿಸಿಕೊಂಡು ತಮ್ಮ ನೀರನ್ನು ಹಿಡಿದಿಡುತ್ತಾರೆ, ಗಾಳಿ ಬಿದ್ದಾಗ ನೀರು ಬಿಟ್ಟು ವಿದ್ಯುತ್ ಕಳಿಸುತ್ತಾರೆ. ನಮಗೆ ಕಡಲು ದಾಟುವ ಕೆಲಸವೂ ಇಲ್ಲ. ಚಿತ್ರದುರ್ಗದ ಗಾಳಿ, ಪಾವಗಡದ ಬಿಸಿಲು, ಶರಾವತಿಯ ನೀರು ಎಲ್ಲವೂ ಒಂದೇ ರಾಜ್ಯದೊಳಗಿವೆ.

ಈಗ ನಮ್ಮ ಹೊಳೆಗಳ ಮಾತಿಗೆ ಬರುತ್ತೇನೆ. ಇವತ್ತು ನಾನು ಬಂದದ್ದೇ ಇದನ್ನು ಹೇಳಲು.

ಸಕಲೇಶಪುರ, ಮೂಡಿಗೆರೆಗಳ ಪಶ್ಚಿಮದ ಕಣಿವೆಗಳಲ್ಲಿ ಹಲವು ಕಿರು ಜಲವಿದ್ಯುತ್ ಯೋಜನೆಗಳು ಬಂದವು, ಇನ್ನೂ ಹಲವು ಕಾಗದದ ಮೇಲೆ ಬಂದವು. ಜನರ ಬಾಯಲ್ಲಿ ಇವು ಮಿನಿ ಹೈಡಲ್. ಹೊಳೆಗೆ ಅಡ್ಡಲಾಗಿ ಒಂದು ತಡೆಗೋಡೆ, ಅಲ್ಲಿಂದ ಬೆಟ್ಟದ ಪಕ್ಕೆಯನ್ನು ಕೊರೆದು ಕಾಲುವೆ ಅಥವಾ ಕೊಳವೆ, ಕೆಳಗೆ ಯಂತ್ರದ ಮನೆ, ಅಲ್ಲಿಂದ ಕಾಡಿನ ನಡುವೆ ವಿದ್ಯುತ್ ತಂತಿ, ಇದಕ್ಕೆಲ್ಲ ಜೆಸಿಬಿ ಹೋಗಲು ದಾರಿ. ದೊಡ್ಡ ಜಲಾಶಯವಿಲ್ಲ, ಮುಳುಗಡೆ ಇಲ್ಲ, ಆದ್ದರಿಂದ ಹಾನಿಯೂ ಇಲ್ಲ ಎಂದು ವಾದ. 25 ಮೆಗಾವ್ಯಾಟ್ ಒಳಗಿದ್ದರೆ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಪರಿಸರ ಅನುಮತಿಯೂ ಬೇಕಿಲ್ಲ. ಒಂದೇ ಹೊಳೆಯ ಮೇಲೆ ಒಂದರ ಕೆಳಗೊಂದು ನಾಲ್ಕು ಯೋಜನೆ ಬಂದರೂ ಪ್ರತಿಯೊಂದೂ ಸಣ್ಣದೇ, ಪ್ರತಿಯೊಂದಕ್ಕೂ ವಿನಾಯಿತಿಯೇ. ನಾಲ್ಕನ್ನೂ ಕೂಡಿಸಿ ನೋಡುವ ಕಣ್ಣು ಆ ನಿಯಮಕ್ಕೆ ಇಲ್ಲ. ತಡೆಗೋಡೆಗೂ ಯಂತ್ರದ ಮನೆಗೂ ನಡುವಿನ ಹೊಳೆಯಲ್ಲಿ ನೀರು ಬತ್ತಿದರೆ ಅಲ್ಲಿನ ಮೀನು ಮೇಲೇರಲಾರದು, ನೀರಿಗೆ ಇಳಿಯುವ ಪ್ರಾಣಿಗಳಿಗೆ ಬರೀ ಬಂಡೆ ಸಿಗುತ್ತದೆ.

ಇದು ಪರಿಸರದವರ ವಾದ ಎಂದು ಕೆಲವರು ಪಕ್ಕಕ್ಕೆ ಸರಿಸುತ್ತಾರೆ. ಸರಿ, ಒಂದು ಕ್ಷಣ ಮೀನನ್ನೂ ಆನೆಯನ್ನೂ ಮರೆಯೋಣ, ಬರೀ ವಿದ್ಯುತ್ತಿನ ಲೆಕ್ಕವನ್ನೇ ಹಾಕೋಣ. ಈ ಯೋಜನೆಗಳಲ್ಲಿ ಸಂಗ್ರಹವಿಲ್ಲ. ಹೊಳೆ ಹರಿದಾಗ ಯಂತ್ರ ತಿರುಗುತ್ತದೆ. ನಮ್ಮ ಹೊಳೆಗಳು ತುಂಬಿ ಹರಿಯುವುದು ಆರಿದ್ರೆಯಿಂದ ಮಘೆಯವರೆಗೆ, ಹೆಚ್ಚೆಂದರೆ ಉತ್ತರೆಯವರೆಗೆ. ಅದೇ ತಿಂಗಳುಗಳಲ್ಲಿ ಮುಂಗಾರಿನ ಗಾಳಿಗೆ ಚಿತ್ರದುರ್ಗ, ಗದಗದ ಗಾಳಿಯಂತ್ರಗಳು ವರ್ಷದಲ್ಲೇ ಅತಿ ಹೆಚ್ಚು ವಿದ್ಯುತ್ ಕೊಡುತ್ತವೆ. ಅದೇ ತಿಂಗಳುಗಳಲ್ಲಿ ರೈತರು ಮೋಟಾರು ಹಾಕುವುದಿಲ್ಲ, ಫ್ಯಾನು ಕೂಲರುಗಳು ನಿಂತಿರುತ್ತವೆ, ಬೇಡಿಕೆ ಕೆಳಗಿರುತ್ತದೆ. ರಾಜ್ಯದ ಬೇಡಿಕೆ 18,000 ಮೆಗಾವ್ಯಾಟ್ ದಾಟುವುದು ಬೇಸಿಗೆಯಲ್ಲಿ. ಬೆಳೆಗಾರರಿಗೆ ಇದನ್ನು ನಾನು ವಿವರಿಸಬೇಕಾಗಿಯೇ ಇಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂವರಳಿಸುವ ಹೂಮಳೆ ಬಾರದೆ ರೊಬಸ್ಟಾ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಲು ನೀವು ವಿದ್ಯುತ್ತಿಗೆ ಕಾಯುವಾಗ ನಿಮ್ಮ ತೋಟದ ಕೆಳಗಿನ ಹೊಳೆಯಲ್ಲಿ ಎಷ್ಟು ನೀರಿರುತ್ತದೆ? ನಮಗೆ ವಿದ್ಯುತ್ತು ಬೇಕಾದಾಗ ಆ ಹೊಳೆಯ ಬಳಿ ಕೊಡಲು ಏನೂ ಇಲ್ಲ. ಅದು ಕೊಡುವಾಗ ಗ್ರಿಡ್ಡಿಗೆ ಅದರ ಹಸಿವಿಲ್ಲ. ಇಂಥ ಯೂನಿಟ್ಟಿಗಾಗಿ ಘಟ್ಟದ ಕಾಡಿನ ಮಧ್ಯೆ ದಾರಿ ಕೊರೆಯುವುದನ್ನು ವಿದ್ಯುತ್ ಎಂಜಿನಿಯರಾಗಿಯೇ ನಾನು ಒಪ್ಪುವುದಿಲ್ಲ.

ಗುಂಡ್ಯದಲ್ಲಿ ಬಂದದ್ದು ದೊಡ್ಡ ಯೋಜನೆ, 200 ಮೆಗಾವ್ಯಾಟಿನದು. ಹಲವು ಹೊಳೆಗಳ ನೀರನ್ನು ಸುರಂಗಗಳಲ್ಲಿ ಕೂಡಿಸುವ ಯೋಚನೆ ಅದರಲ್ಲಿತ್ತು. ಮಾಧವ ಗಾಡ್ಗೀಳ್ ಅವರ ಅಧ್ಯಕ್ಷತೆಯ ಪಶ್ಚಿಮ ಘಟ್ಟ ತಜ್ಞರ ಸಮಿತಿ 2011ರ ವರದಿಯಲ್ಲಿ ಅದಕ್ಕೆ ಅನುಮತಿ ಬೇಡವೆಂದು ಸ್ಪಷ್ಟವಾಗಿ ಹೇಳಿತು. ಆ ವರದಿಯ ಮೇಲೆ ಮಲೆನಾಡಿನಲ್ಲಿ ದೊಡ್ಡ ಜಗಳವೇ ನಡೆದಿದೆ, ಈ ಸಭೆಯಲ್ಲಿ ಇರುವವರಲ್ಲೇ ಎರಡೂ ಕಡೆಯವರಿದ್ದೀರಿ. ತೋಟ, ಮನೆ, ದಾರಿಗಳ ವಿಷಯದಲ್ಲಿ ನಿಮಗಿರುವ ಆತಂಕ ನನಗೆ ಅರ್ಥವಾಗುತ್ತದೆ. ಗುಂಡ್ಯದ ವಿಷಯದಲ್ಲಿ ಮಾತ್ರ ಆ ಸಮಿತಿಯ ಮಾತು ಸರಿ ಎಂದು ನನ್ನ ಗಟ್ಟಿ ನಂಬಿಕೆ.

ಅದೇ ಕಣಿವೆಯಲ್ಲಿ ಈಗ ಎತ್ತಿನಹೊಳೆ ಯೋಜನೆ ನಡೆಯುತ್ತಿದೆ. ಮೊದಲ ಹಂತಕ್ಕೆ 2024ರ ಸೆಪ್ಟೆಂಬರಿನಲ್ಲಿ ಚಾಲನೆ ಸಿಕ್ಕಿತು. ಪಶ್ಚಿಮಕ್ಕೆ ಬೀಳುವ ನೀರನ್ನು ತಡೆದು, ಪಂಪುಗಳಿಂದ ಘಟ್ಟದ ಮೇಲಕ್ಕೆ ಎತ್ತಿ, ಪೂರ್ವದ ಬರದ ಜಿಲ್ಲೆಗಳಿಗೆ ಕೊಡುವ ಉದ್ದೇಶ. ಕೋಲಾರ, ಚಿಕ್ಕಬಳ್ಳಾಪುರದ ಜನರ ಬಾಯಾರಿಕೆಯ ಬಗ್ಗೆ ಹಗುರವಾಗಿ ಮಾತಾಡುವ ಹಕ್ಕು ನಮಗಿಲ್ಲ. ಆದರೆ ವಿದ್ಯುತ್ತಿನ ಪುಸ್ತಕದಲ್ಲಿ ಇದು ಯಾವ ಪುಟದಲ್ಲಿ ಬರೆಯಬೇಕಾದ ಯೋಜನೆ ಎಂಬುದು ತಿಳಿದಿರಲಿ. ಬೀಳುವಾಗ ವಿದ್ಯುತ್ ಕೊಡಬಲ್ಲ ನೀರಿಗೆ ಏರುವಾಗ ವಿದ್ಯುತ್ ಕೊಡಬೇಕು, ಕೊಟ್ಟದ್ದರ ಮೇಲೆ ಪಂಪಿನ ನಷ್ಟವನ್ನೂ ತುಂಬಬೇಕು. ಆ ಪಂಪುಗಳು ಮಳೆಗಾಲದ ಹಗಲಿನಲ್ಲಿ, ಗಾಳಿ ವಿದ್ಯುತ್ತು ಧಾರಾಳವಾಗಿರುವಾಗ ಓಡಲಿ. ಸಂಜೆ ಓಡಿದರೆ ಶರಾವತಿಯ ನೀರು ಇಳಿಸಿ ಎತ್ತಿನಹೊಳೆಯ ನೀರು ಏರಿಸಿದ ಹಾಗಾಗುತ್ತದೆ.

ಅಣೆಕಟ್ಟಿನ ಬೆಲೆಯನ್ನು ಕೊಟ್ಟವರ ಹೆಸರು ಎಂಜಿನಿಯರುಗಳ ಲೆಕ್ಕದಲ್ಲಿ ಬರುವುದು ಕಡಿಮೆ. ಶರಾವತಿ ಮುಳುಗಡೆಯ ಸಂತ್ರಸ್ತರ ಮಕ್ಕಳು, ಮೊಮ್ಮಕ್ಕಳು ಇಂದಿಗೂ ಹಕ್ಕುಪತ್ರಕ್ಕಾಗಿ ಅಲೆಯುತ್ತಿದ್ದಾರೆ. ಅವರಲ್ಲಿ ಹಲವರ ಹಳ್ಳಿಗಳಿಗೆ ವಿದ್ಯುತ್ತು ಬಂದದ್ದು ಬೆಂಗಳೂರಿಗೆ ಹೋದ ಎಷ್ಟೋ ಕಾಲದ ಮೇಲೆ. ನಮ್ಮ ಹೇಮಾವತಿ ಹಿನ್ನೀರಿನಲ್ಲಿ ಶೆಟ್ಟಿಹಳ್ಳಿಯ ಚರ್ಚು ಮುಳುಗಿ ಏಳುವುದನ್ನು ನೋಡಲು ಪ್ರವಾಸಿಗರು ಬರುತ್ತಾರೆ, ಫೋಟೊ ತೆಗೆಯುತ್ತಾರೆ. ಆ ಚರ್ಚಿಗೆ ಹೋಗುತ್ತಿದ್ದವರ ಮನೆ, ಗದ್ದೆ, ಅಕ್ಕಪಕ್ಕದ ಊರುಗಳೂ ಅದೇ ನೀರಿನಡಿ ಇವೆ. ಹೇಮಾವತಿ ಸಂತ್ರಸ್ತರ ಜಮೀನಿನ ಕಡತಗಳು ಈ ಜಿಲ್ಲೆಯ ಕಚೇರಿಗಳಲ್ಲಿ ಏನೇನಾದವು ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಜಲವಿದ್ಯುತ್ತು ರಾಜ್ಯದ ಅತಿ ಅಗ್ಗದ ವಿದ್ಯುತ್ತುಗಳಲ್ಲಿ ಒಂದು ಎಂದು ನಾವು ಹೆಮ್ಮೆಯಿಂದ ಹೇಳುತ್ತೇವಲ್ಲ, ಆ ಅಗ್ಗದ ದರದೊಳಗೆ ಇವರಿಗೆ ಸಲ್ಲಬೇಕಾದದ್ದು ಸಲ್ಲದೆ ಉಳಿದದ್ದೂ ಸೇರಿದೆ.

ಇನ್ನು ಪಂಪ್ಡ್ ಸ್ಟೋರೇಜ್. ಮೇಲೊಂದು ಕೆಳಗೊಂದು ಜಲಾಶಯ. ಹಗಲು ವಿದ್ಯುತ್ತು ಹೆಚ್ಚಾದಾಗ ಕೆಳಗಿನ ನೀರನ್ನು ಮೇಲಕ್ಕೆ ಎತ್ತುವುದು, ಸಂಜೆ ಅದನ್ನೇ ಬೀಳಿಸುವುದು. ನೂರು ಯೂನಿಟ್ ಹಾಕಿದರೆ ಎಪ್ಪತ್ತೈದರಿಂದ ಎಂಬತ್ತು ಮರಳಿ ಬರುತ್ತದೆ. ನಷ್ಟವಿದೆ, ಆದರೂ ಬೇಡದ ಹೊತ್ತಿನ ವಿದ್ಯುತ್ತನ್ನು ಬೇಕಾದ ಹೊತ್ತಿಗೆ ದಾಟಿಸುವ ದಾರಿ ಇದು, ದೇಶಕ್ಕೆ ಬೇಕೇ ಬೇಕು. ಶರಾವತಿಯಲ್ಲಿ ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2,000 ಮೆಗಾವ್ಯಾಟಿನ ಇಂಥ ಯೋಜನೆಯ ಪ್ರಸ್ತಾಪವಿದೆ. ಎರಡೂ ಜಲಾಶಯಗಳು ಈಗಾಗಲೇ ಇವೆ ಎನ್ನುವುದು ಅದರ ಪರವಾದ ದೊಡ್ಡ ಮಾತು. ಆದರೆ ನಡುವಿನ ನೆಲ ಸಿಂಗಳೀಕದ ಅಭಯಾರಣ್ಯ. ಸುರಂಗ ಕೊರೆಯುವ ವರ್ಷಗಳಲ್ಲಿ ಆ ಕಾಡಿಗೆ ಏನಾಗುತ್ತದೆ ಎಂಬ ಪ್ರಶ್ನೆಗೆ ನೆಮ್ಮದಿ ಕೊಡುವ ಉತ್ತರವನ್ನು ನಾನು ಇನ್ನೂ ಓದಿಲ್ಲ. ಪಂಪ್ಡ್ ಸ್ಟೋರೇಜಿಗೆ ಬೇಕಾದದ್ದು ಎತ್ತರದ ವ್ಯತ್ಯಾಸ ಮತ್ತು ಒಮ್ಮೆ ತುಂಬಿಸಿಕೊಳ್ಳುವಷ್ಟು ನೀರು. ಹರಿಯುವ ನದಿ ಬೇಕಿಲ್ಲ, ಮಳೆಕಾಡಂತೂ ಬೇಡವೇ ಬೇಡ. ಆಂಧ್ರದ ಪಿನ್ನಾಪುರಂನಲ್ಲಿ ನದಿಯ ಹರಿವಿನಿಂದ ದೂರವಾಗಿ, ಒಣ ಗುಡ್ಡಗಳ ನಡುವೆ ಅಂಥದೊಂದನ್ನು ಕಟ್ಟಿದ್ದಾರೆ. ನಮ್ಮಲ್ಲೂ ಬಯಲುಸೀಮೆಯಲ್ಲಿ ಕಲ್ಲುಗುಡ್ಡಗಳಿಗೆ ಬರವಿಲ್ಲ. ಮೊದಲು ಅಲ್ಲಿ ಹುಡುಕಲಿ.

ಹೊಸದನ್ನು ಕಟ್ಟುವ ಉತ್ಸಾಹದಲ್ಲಿ ಇರುವುದನ್ನು ಮರೆಯುವುದು ನಮ್ಮ ಇನ್ನೊಂದು ರೋಗ. 2024ರ ಆಗಸ್ಟಿನಲ್ಲಿ ತುಂಬಿದ ತುಂಗಭದ್ರಾ ಅಣೆಕಟ್ಟಿನ ಹತ್ತೊಂಬತ್ತನೆಯ ಗೇಟು ಕೊಚ್ಚಿಹೋಯಿತು. ಎಪ್ಪತ್ತು ವರ್ಷದ ಅಣೆಕಟ್ಟು. 2023ರ ಅಕ್ಟೋಬರಿನಲ್ಲಿ ಸಿಕ್ಕಿಂನ ಹಿಮಸರೋವರ ಒಡೆದು 1,200 ಮೆಗಾವ್ಯಾಟಿನ ತೀಸ್ತಾ-3ರ ಅಣೆಕಟ್ಟೇ ಹೋಯಿತು. ಲಿಂಗನಮಕ್ಕಿಗೆ ಅರವತ್ತು ದಾಟಿದೆ, ಗೊರೂರಿಗೆ ಐವತ್ತು ಹತ್ತಿರವಾಗುತ್ತಿದೆ. ಗೇಟುಗಳ ತಪಾಸಣೆ, ಹೂಳಿನ ಅಳತೆ, ಹಳೆಯ ಟರ್ಬೈನುಗಳಿಗೆ ಹೊಸ ಚಕ್ರ, ಇವುಗಳಿಗೆ ಉದ್ಘಾಟನಾ ಸಮಾರಂಭ ಇರುವುದಿಲ್ಲ. ಆದರೆ ಒಂದು ಮರವನ್ನೂ ಕಡಿಯದೆ ಸಿಗುವ ಜಲವಿದ್ಯುತ್ತು ಇದೊಂದೇ.

ನನ್ನ ಮಾತು ಇಷ್ಟು. ಪ್ರಶ್ನೆಗಳಿದ್ದರೆ ಕೇಳಿ.

ಎಂಜಿನಿಯರಿಂಗ್ ಓದುತ್ತಿರುವ ವಿದ್ಯಾರ್ಥಿನಿಯೊಬ್ಬರು ಕೇಳಿದರು: "ಸರ್, ಬ್ಯಾಟರಿಗಳ ಬೆಲೆ ವರ್ಷ ವರ್ಷ ಇಳಿಯುತ್ತಿದೆ. ಸಂಜೆಯ ಕೆಲಸವನ್ನು ಅವೇ ಮಾಡಿದರೆ ಜಲಾಶಯ ಏಕೆ ಬೇಕು?"

ಒಳ್ಳೆಯ ಪ್ರಶ್ನೆ. ಎರಡು ಗಂಟೆ, ನಾಲ್ಕು ಗಂಟೆಯ ಕೆಲಸವನ್ನು ಬ್ಯಾಟರಿ ಮಾಡುತ್ತದೆ, ಇನ್ನೂ ಹೆಚ್ಚು ಮಾಡಲಿದೆ. ಅದು ಬಂದಷ್ಟೂ ಒಳ್ಳೆಯದು, ಹೊಸ ಅಣೆಕಟ್ಟಿನ ಒತ್ತಡ ಅಷ್ಟು ಕಡಿಮೆಯಾಗುತ್ತದೆ. ಆದರೆ ಜುಲೈ ತಿಂಗಳ ಮಳೆಯನ್ನು ಏಪ್ರಿಲ್ ತಿಂಗಳಿಗೆ ಎತ್ತಿಡುವ ಬ್ಯಾಟರಿ ಇಲ್ಲ. ಆ ಕೆಲಸ ಈಗಿರುವ ದೊಡ್ಡ ಜಲಾಶಯಗಳದೇ. ಹಾಗಾಗಿ ದಿನದ ಏರಿಳಿತವನ್ನು ಬ್ಯಾಟರಿಗೆ ವಹಿಸಿದಷ್ಟೂ ಶರಾವತಿಯ ನೀರನ್ನು ಬೇಸಿಗೆಗೆ ಹಿಡಿದಿಡಬಹುದು.

ಅರಕಲಗೂಡಿನ ಕಡೆಯ ರೈತರೊಬ್ಬರು: "ಸಂಜೆ ವಿದ್ಯುತ್ತಿಗಾಗಿ ನೀರು ಬಿಡುವುದಾದರೆ ನಮ್ಮ ನಾಲೆಯ ಗತಿಯೇನು ಸ್ವಾಮಿ?"

ನಾನು ಹೇಳಿದ್ದು ಶರಾವತಿ, ಕಾಳಿ, ವಾರಾಹಿಯಂಥ ಬಹುತೇಕ ವಿದ್ಯುತ್ತಿಗಾಗಿಯೇ ಕಟ್ಟಿದ ಜಲಾಶಯಗಳ ಬಗ್ಗೆ. ಗೊರೂರಿನಲ್ಲಿ, ಲಕ್ಕವಳ್ಳಿಯಲ್ಲಿ ಮೊದಲ ಹಕ್ಕು ಬೆಳೆಯದು, ಕುಡಿಯುವ ನೀರಿನದು. ಅಲ್ಲಿ ನಾಲೆಗೆ ಹೇಗೂ ಹೋಗಬೇಕಾದ ನೀರು ಹೋಗುವ ದಾರಿಯಲ್ಲಿ ಯಂತ್ರ ತಿರುಗಿಸಿದರೆ ಅದು ಲಾಭ. ಯಂತ್ರ ತಿರುಗಿಸಲೆಂದು ನಾಲೆಯ ಸರದಿಯನ್ನು ಬದಲಿಸಲು ಹೊರಟರೆ ನೀವು ಬಿಡಬೇಡಿ, ನಾನೂ ನಿಮ್ಮ ಜೊತೆ ನಿಲ್ಲುತ್ತೇನೆ.

ಮೂಡಿಗೆರೆಯಿಂದ ಬಂದಿದ್ದ ಹಿರಿಯ ಬೆಳೆಗಾರರೊಬ್ಬರು ಕೊನೆಯಲ್ಲಿ ಎದ್ದರು: "ನಮ್ಮ ತೋಟದ ಝರಿಗೆ ಪೈಪು ಹಾಕಿ ಸಣ್ಣ ಟರ್ಬೈನು ಕೂರಿಸೋಣ ಎಂದು ಮಗ ಹೇಳುತ್ತಿದ್ದಾನೆ. ನಿಮ್ಮ ಮಾತು ಕೇಳಿದರೆ ಅದೂ ತಪ್ಪೇ ಎನಿಸುತ್ತದೆ."

ಖಂಡಿತ ತಪ್ಪಲ್ಲ, ಹಾಕಿಸಿ. ಮಳೆಗಾಲದ ವಿದ್ಯುತ್ತು ಗ್ರಿಡ್ಡಿಗೆ ಬೇಡ ಎಂದೆ. ನಿಮ್ಮ ಮನೆಗೆ ಅದು ಬೇಕಾಗುವುದೇ ಮಳೆಗಾಲದಲ್ಲಿ. ಆಷಾಢದ ಗಾಳಿಗೆ ಮರ ಬಿದ್ದು ಲೈನು ಹರಿದರೆ ಲೈನ್‌ಮನ್‌ಗಳು ಆ ಸುರಿವ ಮಳೆಯಲ್ಲಿ ಎಷ್ಟು ಕಷ್ಟಪಟ್ಟರೂ ಒಳಗಿನ ಒಂಟಿ ಮನೆಗಳಿಗೆ ವಿದ್ಯುತ್ತು ಮರಳಲು ದಿನಗಳೇ ಹಿಡಿಯುತ್ತವೆ. ಆಗ ಬಿಸಿಲಿಲ್ಲ, ಸೌರ ಫಲಕ ಕೆಲಸಕ್ಕೆ ಬಾರದು, ಝರಿ ಮಾತ್ರ ತುಂಬಿರುತ್ತದೆ. ಸೆಕೆಂಡಿಗೆ ಹತ್ತು ಲೀಟರ್ ನೀರು ಇಪ್ಪತ್ತು ಮೀಟರ್ ಬಿದ್ದರೆ, ಅರ್ಧ ನಷ್ಟವಾದರೂ ಸುಮಾರು ಒಂದು ಕಿಲೋವ್ಯಾಟ್ ಸಿಗುತ್ತದೆ. ಮನೆಯ ಮತ್ತು ಕಾರ್ಮಿಕರ ಲೈನ್ ಮನೆಗಳ ದೀಪ, ಟಿವಿ, ಫ್ರಿಜ್ಜು, ಮೊಬೈಲಿಗೆ ಅಷ್ಟು ಸಾಕು. ಝರಿಗೆ ಅಡ್ಡಲಾಗಿ ಕಟ್ಟೆ ಕಟ್ಟಬೇಡಿ, ಒಂದು ಪಾಲನ್ನು ಮಾತ್ರ ಪೈಪಿಗೆ ಬಿಡಿ, ಯಂತ್ರದಿಂದ ಹೊರಬಂದ ನೀರು ಮತ್ತೆ ಅದೇ ಝರಿಗೆ ಸೇರಲಿ. ಪೈಪಿನ ಬಾಯಿಗೆ ಜಾಲರಿ ಇರಲಿ, ಇಲ್ಲದಿದ್ದರೆ ಸಿಲ್ವರ್ ಮರದ ಎಲೆ ಕಟ್ಟಿಕೊಂಡು ನಡುರಾತ್ರಿ ಯಂತ್ರ ನಿಲ್ಲುತ್ತದೆ. ಯಂತ್ರ ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ಮಾರಾಟಗಾರರು ಹೇಳುವ ಹರಿವನ್ನು ನಂಬದೆ, ಅಳತೆ ಗೊತ್ತಿರುವ ಒಂದು ಡ್ರಮ್ಮನ್ನು ಝರಿಯ ಕೆಳಗಿಟ್ಟು, ಅದು ತುಂಬಲು ಎಷ್ಟು ಸೆಕೆಂಡು ಬೇಕು ಎಂದು ಗಡಿಯಾರ ಹಿಡಿದು ಬರೆದಿಟ್ಟುಕೊಳ್ಳಿ. ಜುಲೈನಲ್ಲಿ ಒಮ್ಮೆ, ಅಕ್ಟೋಬರಿನಲ್ಲಿ ಒಮ್ಮೆ, ಜನವರಿಯಲ್ಲಿ ಒಮ್ಮೆ. ಯಂತ್ರದ ಗಾತ್ರವನ್ನು ಅಕ್ಟೋಬರಿನ ಅಳತೆಗೆ ಆರಿಸಿಕೊಳ್ಳಿ.